ಬೆಕ್ಕಿಗೆ ವಾಸನೆಯೇ ಗುರುತುಚೀಟಿ

ಪಶುವೈದ್ಯರ ಬಳಿ ಹೋಗಿ ಮರಳಿದ ಬೆಕ್ಕನ್ನು ಅದರ ಒಡನಾಡಿ ಬೆಕ್ಕೇ ಗುರುಗುಟ್ಟಿ ಅಟ್ಟಿಸಿಕೊಂಡು ಹೋಗುವುದುಂಟು. ನಿನ್ನೆಯವರೆಗೆ ಒಂದೇ ಮೂಲೆಯಲ್ಲಿ ಮುದುರಿ ಮಲಗುತ್ತಿದ್ದವುಗಳಿಗೆ ಇದೇನು ಹಗೆ? ಕಾರಣ ಇಷ್ಟೆ: ರೂಪ ಅದೇ, ವಾಸನೆ ಬೇರೆ. ಆಸ್ಪತ್ರೆಯ ಔಷಧದ ಘಾಟು ಮನೆಯ ವಾಸನೆಯನ್ನು ಮರೆಮಾಡಿರುತ್ತದೆ.

ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡ ಹಾಗೂ ಅಂಗಾಲುಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಜೊತೆಯಲ್ಲಿ ಬಾಳುವ ಬೆಕ್ಕುಗಳು ಮೈಗೆ ಮೈ ಉಜ್ಜಿ ವಾಸನೆ ಹಂಚಿಕೊಳ್ಳುತ್ತವೆ. ಅದೇ ಅವುಗಳ ಬಳಗದ ಗುರುತು. ಬಾಗಿಲ ಚೌಕಟ್ಟಿಗೆ, ಮನೆಯವರ ಕಾಲಿಗೆ ಕೆನ್ನೆ ಉಜ್ಜಿದಾಗಲೂ ಈ ಗುರುತು ಅಂಟುತ್ತದೆ. ಮರ ಪರಚಿದರೆ ಉಗುರಿನ ಗೀರಿನೊಡನೆ ಅಂಗಾಲಿನ ವಾಸನೆಯೂ ಉಳಿಯುತ್ತದೆ.

ಬೀಜ ತೆಗೆಸದ ಗಂಡುಬೆಕ್ಕು ಬಾಲವೆತ್ತಿ ಗೋಡೆಗೆ ಚಿಮ್ಮಿಸುವ ಮೂತ್ರವಂತೂ ಬಹಿರಂಗ ಪತ್ರವೇ ಸರಿ. ಅದರ ಘಾಟಿಗೆ ಫೆಲಿನೈನ್ ಎಂಬ ಅಮೈನೋ ಆಮ್ಲ ಮೂಲ. ಅದನ್ನು 'ಓದುವ' ಬೆಕ್ಕು ಅರೆಬಾಯಿ ತೆರೆದು ನಿಲ್ಲುತ್ತದೆ. ಆಗ ವಾಸನೆ ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗವನ್ನು ತಲುಪುತ್ತದೆ.

ಹೊಸ ಬೆಕ್ಕು ಬಂದಾಗ, ಹೆದರಿಕೆಯಾದಾಗಲೂ ಬೆಕ್ಕು ಮನೆಯೊಳಗೆ ಹೀಗೆ ಚಿಮ್ಮಿಸಬಹುದು. ಅದಕ್ಕಾಗಿ ಹೊಡೆದರೆ ಹೆದರಿಕೆ ಇನ್ನಷ್ಟು ಹೆಚ್ಚೀತು. ಆಸ್ಪತ್ರೆಯಿಂದ ಬಂದ ಬೆಕ್ಕನ್ನು ಕೆಲಕಾಲ ಬೇರೆ ಕೋಣೆಯಲ್ಲಿರಿಸಿ, ಎರಡರ ಹಾಸುಬಟ್ಟೆಗಳನ್ನು ಅದಲುಬದಲು ಮಾಡಿ. ಮುರಿದ ಸ್ನೇಹವನ್ನು ಮೂಗೇ ಬೆಸೆದೀತು.