ಕೆರೆ ನೀರನ್ನ ಬೆಳಗಿನ ಜಾವವೂ ಯಾಕೆ ಅಳೀಬೇಕು?

ಬಿಎಸ್ಸಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ನಮ್ಮೂರ ಕೆರೆ. ಮಧ್ಯಾಹ್ನ 3 ಗಂಟೆಗೆ ನೀರಲ್ಲಿ ಕರಗಿರೋ ಆಮ್ಲಜನಕ ಅಳೆದೆ. ಲೀಟರಿಗೆ 9 ಮಿಲಿಗ್ರಾಂ! ಮೀನುಗಾರಿಕೆಗೆ ಕನಿಷ್ಠ 4 ಇರಬೇಕು ಅನ್ನುತ್ತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. 'ಕೆರೆ ಚೆನ್ನಾಗಿದೆ' ಅಂತ ಬರೆದುಬಿಟ್ಟೆ.

ಬಲೆ ಬೀಸೋ ಅಣ್ಣ ಒಬ್ರು ನಕ್ಕರು: "ಬೆಳಗಿನ ಜಾವ ಬಾಮ್ಮ, ಮೀನು ಮೇಲೆ ಬಂದು ಬಾಯಿ ಬಿಡ್ತಿರ್ತವೆ."

ಹೋದೆ. 5:30ಕ್ಕೆ ಸಿಕ್ಕಿದ್ದು ಬರೀ 2.

ಕಾರಣ ಇಷ್ಟೇ. ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ಜಾಸ್ತಿ. ಹಗಲು ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನ ಖಾಲಿ ಮಾಡ್ತವೆ.

ನೀವೂ ಅಳೆಯೋದಾದ್ರೆ ಅಂಕಿ ಪಕ್ಕ ಗಂಟೆ ಬರೀರಿ. ಮಧ್ಯಾಹ್ನದ ಅಂಕಿಯನ್ನಷ್ಟೇ ನಂಬಿದ್ರೆ ಮೀನು ಒದ್ದಾಡೋ ಹೊತ್ತು ಲೆಕ್ಕಕ್ಕೇ ಬರಲ್ಲ.