ರಿಪೋರ್ಟ್ ನಾರ್ಮಲ್, ತೊಂದರೆ ನಿಜ

"ರಿಪೋರ್ಟ್ ಎಲ್ಲಾ ನಾರ್ಮಲ್ ಐತಿ, ಮತ್ತ ಯಾಕ ಹಿಂಗ ಆಗಾಕತ್ತೈತಿ?" ನರರೋಗ ವಿಭಾಗದ ಹೊರಗೆ ಕುಳಿತವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಹುಬ್ಬಳ್ಳಿಯ ಅಂಚಿನಲ್ಲಿ, ಬೈಪಾಸ್ ಕವಲೊಡೆಯುವ ಗಬ್ಬೂರಿನವರಿಗೆ ಆಸ್ಪತ್ರೆಗಳು ದೂರವೇನಲ್ಲ. ವಿದ್ಯಾನಗರದಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಅಲ್ಲೂ ಬಗೆಹರಿಯದಿದ್ದರೆ ರಾತ್ರಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಆದರೂ ಕೈಕಾಲಿನ ಜೋಮು, ನಡಿಗೆಯ ತೂರಾಟ, ಇದ್ದಕ್ಕಿದ್ದಂತೆ ಕವಿಯುವ ಮಂಪರಿನ ಕಾರಣ ತಿಳಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ "ಇವಂಗ ಏನೂ ಆಗಿಲ್ಲ" ಎಂದು ಮನೆಯವರೇ ತೀರ್ಮಾನಿಸಿರುತ್ತಾರೆ.

ಆ ತೀರ್ಮಾನ ತಪ್ಪು. ಎಂಆರ್‌ಐ ತೋರಿಸುವುದು ಮುಖ್ಯವಾಗಿ ಮಿದುಳಿನ ರಚನೆಯನ್ನು. ಇಇಜಿ ಹಿಡಿಯುವುದು ತಲೆಗೆ ವೈರು ಅಂಟಿಸಿದ ಅಷ್ಟು ಹೊತ್ತಿನ ವಿದ್ಯುತ್ ಚಟುವಟಿಕೆಯನ್ನಷ್ಟೇ. ಇವೆರಡರ ಕಣ್ಣಿಗೆ ಬೀಳದ ಕಾಯಿಲೆ ಅನೇಕ ಸಲ ರೋಗಿಯ ಮಾತಿನಲ್ಲಿ ಸಿಗುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. ತಲೆಗೆ ಬಿಸಿನೀರು ಎರೆದುಕೊಳ್ಳುವಾಗ ಮಾತ್ರ ಕೆಲವರಿಗೆ ಫಿಟ್ಸ್ ಬರುತ್ತದೆ. ಒಬ್ಬರು ಬಚ್ಚಲಲ್ಲಿ ಕಣ್ಣು ನೆಟ್ಟು ಮಂಕಾಗಿ ಕೂರುತ್ತಾರೆ, ಇನ್ನೊಬ್ಬರು ನಿಲ್ಲಿಸಲಾಗದೆ ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಳ್ಳುತ್ತಲೇ ಇರುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ವರದಿಯಾದ ಈ 'ಬಿಸಿನೀರಿನ ಅಪಸ್ಮಾರ' ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಸ್ನಾನ ಮಾಡದ ಹೊತ್ತಿನಲ್ಲಿ ತೆಗೆದ ಇಇಜಿ ಬಹುತೇಕರಲ್ಲಿ ಸಹಜವಾಗಿಯೇ ಇರುತ್ತದೆ. "ತಲೆಸ್ನಾನದ ದಿನವೇ ಹೀಗಾಗುತ್ತದೆ" ಎಂಬ ಮಾತು ಬಂದ ಮೇಲೆಯೇ ದಾರಿ ಕಾಣುವುದು. ಹಲವರಿಗೆ ನೀರಿನ ಬಿಸಿ ಇಳಿಸಿದರೇ ತೊಂದರೆ ತಗ್ಗುತ್ತದೆ. ಸಾಲದಿದ್ದರೆ ವೈದ್ಯರು ಔಷಧ ಕೊಡುತ್ತಾರೆ.

ಇನ್ನು ಕೆಲವು ಕಾಯಿಲೆಗಳಲ್ಲಿ ಕಾಲವೇ ಪರೀಕ್ಷೆ. ಹದಿಹರೆಯದ ಹುಡುಗನ ಒಂದು ಕೈ ಸೊರಗುತ್ತಾ ಬಂದರೆ ಪ್ರಾಣಾಂತಿಕ ಮೋಟಾರ್ ನ್ಯೂರಾನ್ ಕಾಯಿಲೆಯೇ ಇರಬಹುದೆಂಬ ಭಯ ಹುಟ್ಟುತ್ತದೆ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಇದಕ್ಕಿಂತ ಬೇರೆಯಾದ ಒಂದು ಕಾಯಿಲೆಯನ್ನು ವಿವರಿಸಿದರು. ಅದರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಕೆಲವು ವರ್ಷ ಸೊರಗಿ, ಆಮೇಲೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಮೊದಲ ಭೇಟಿಯಲ್ಲೇ ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ. "ಆರು ತಿಂಗಳು ಬಿಟ್ಟು ಬನ್ನಿ" ಎಂದು ವೈದ್ಯರು ಹೇಳುವುದರ ಹಿಂದೆ ಇಂಥ ಲೆಕ್ಕಾಚಾರವಿರುತ್ತದೆ.

ಕಾಯುವ ದಿನಗಳಲ್ಲಿ ರೋಗಿ ಮಾಡಬಹುದಾದ ದೊಡ್ಡ ಕೆಲಸ ಗಮನಿಸುವುದು. ನಡೆಯುವಾಗ ಚಪ್ಪಲಿ ಜಾರಿದ್ದು ಅರಿವಿಗೆ ಬರುವುದಿಲ್ಲವೇ? ಮುಖ ತೊಳೆಯಲು ಬಾಗಿ ಕಣ್ಣು ಮುಚ್ಚಿದೊಡನೆ ಮುಗ್ಗರಿಸುವಂತಾಗುತ್ತದೆಯೇ? ಪಾದ ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಬದಿಯ ತಂತುಗಳ ಮೂಲಕ ಮಿದುಳಿಗೆ ಹೋಗುತ್ತದೆ. ಆ ದಾರಿ ಕೆಟ್ಟಾಗ ಕಣ್ಣು ಆಸರೆ ಕೊಟ್ಟಿರುತ್ತದೆ, ಕಣ್ಣು ಮುಚ್ಚಿದರೆ ಅದೂ ತಪ್ಪುತ್ತದೆ. ಬಿ12 ಕೊರತೆಯಲ್ಲಿ ಹೀಗಾಗುವುದುಂಟು, ಬೇಗ ಗೊತ್ತಾದರೆ ಸರಿಪಡಿಸಲೂಬಹುದು. ಏನಾಯಿತು, ಯಾವಾಗ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದಿರಿ ಎಂದು ಒಂದು ವಹಿಯಲ್ಲಿ ಬರೆದಿಡಿ. ಫಿಟ್ಸ್ ಬಂದವರಿಗೆ ಆಮೇಲೆ ಹಲವು ಸಲ ಏನೂ ನೆನಪಿರುವುದಿಲ್ಲ. ಹಾಗಾಗಿ ಕಣ್ಣಾರೆ ಕಂಡವರು ಜೊತೆಗೆ ಹೋಗಬೇಕು, ಮೊಬೈಲಿನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಮಿದುಳಿನಲ್ಲಿ ಗಾಯವಿಲ್ಲದೆ ಅದರ ಕೆಲಸದಲ್ಲಿ ಏರುಪೇರಾಗುವ ಕಾಯಿಲೆಯೂ ಇದೆ. ವೈದ್ಯರು ಅದನ್ನು ತಪಾಸಣೆಯ ನಿರ್ದಿಷ್ಟ ಗುರುತುಗಳಿಂದಲೇ ಪತ್ತೆ ಹಚ್ಚುತ್ತಾರೆ. ಅದು ನಾಟಕವಲ್ಲ, ಅದಕ್ಕೂ ಚಿಕಿತ್ಸೆಯಿದೆ. ಕಾಯುವ ಆತಂಕ ನಿದ್ದೆಗೆಡಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆದರೆ ಕೆಲವಕ್ಕೆ ಕಾಯುವಂತೆಯೇ ಇಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ, ಕಾಲಿನ ಶಕ್ತಿ ದಿನದಿನಕ್ಕೆ ಇಳಿದು ಮೂತ್ರ ಕಟ್ಟಿದರೆ ಅಥವಾ ಉಸಿರು ಕಷ್ಟವಾದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ತಾಸು.

ಉಳಿದಂತೆ, ಕಾರಣ ತಿಳಿಯುವುದು ವೈದ್ಯರ ಮತ್ತು ಕಾಲದ ಕೈಯಲ್ಲಿದೆ. ರೋಗಿಯ ಮಾತನ್ನು ಇಂದೇ ನಂಬುವುದು ಮನೆಯವರ ಕೈಯಲ್ಲಿದೆ. ಹಾಗೆ ನಂಬಿ ಕೇಳಿಸಿಕೊಂಡವರಿಂದಲೇ ವೈದ್ಯರಿಗೆ ಬೇಕಾದ ಸುಳಿವೂ ಸಿಗುತ್ತದೆ.