ಪಳಗಿದ ಆಟಗಾರನಿಗೂ ಉಸ್ತಾದ್ ಬೇಕೇ?

ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಕಡೆ ಕೆಲಸಕ್ಕಿರುವ ನಮ್ಮ ಕೆಲವು ಹುಡುಗರು ಪೂಲ್ ಆಟದಲ್ಲಿ ಚೆನ್ನಾಗಿ ಪಳಗಿದ್ದಾರೆ. "ಇಷ್ಟು ಆಡುವ ನಮಗೆ ಇನ್ನು ಕೋಚ್ ಯಾಕೆ?" ಅಂತ ಕೇಳುತ್ತಾರೆ. ಬೇಕು ಎಂಬುದೇ ನಮ್ಮ ಉತ್ತರ.

ಹೊಡೆಯುವಾಗ ಕಣ್ಣು ಚೆಂಡಿನ ಮೇಲಿರುತ್ತದೆ. ಹಿಂದೆ ಮೊಣಕೈ ಎತ್ತ ವಾಲುತ್ತಿದೆ ಅಂತ ಆಡುವವನಿಗೆ ಕಾಣುವುದಿಲ್ಲ. ಪಳಗಿದವನು ಅರಿವಿಲ್ಲದೆಯೇ ಗುರಿ ಬದಲಿಸಿ ಅದನ್ನು ಸರಿದೂಗಿಸುತ್ತಾನೆ. ಚೆಂಡು ಪಾಕೆಟ್‌ಗೆ ಬೀಳುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಪಂದ್ಯದ ಒತ್ತಡದಲ್ಲಿ ಅದೇ ಕೈಕೊಡುತ್ತದೆ.

ಇದೇ ಜಾತಿಯ ಆಟವಾದ ಸ್ನೂಕರನ್ನು ನೋಡಿ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. ಅವರನ್ನು ತಿದ್ದಿ ಬೆಳೆಸಿದವರು ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್. ಇಂಗ್ಲೆಂಡಿನ ರಾನಿ ಓ'ಸಲಿವನ್ 2001ರಲ್ಲೇ ವಿಶ್ವ ಚಾಂಪಿಯನ್. ಆಮೇಲೂ ಅವರು ಆರು ಬಾರಿಯ ಚಾಂಪಿಯನ್ ರೇ ರಿಯರ್ಡನ್ ಬಳಿ ಕಲಿತು, 2004ರಲ್ಲಿ ಮತ್ತೆ ಗೆದ್ದರು. ಅಲ್ಲಿ ಕಲಿತದ್ದು ಚೆಂಡು ಬೀಳಿಸುವುದನ್ನಲ್ಲ; ಎದುರಾಳಿಗೆ ಅವಕಾಶ ಕೊಡದೆ ಕಾಯುವುದನ್ನು.

ನೀವೇ ಪರೀಕ್ಷಿಸಿ. ಬಿಳಿ ಚೆಂಡಿನ ನಡುವಿಗೆ ಹೊಡೆದು, ಮೇಜಿನ ಉದ್ದಕ್ಕೂ ನೇರ ಕಳಿಸಿ. ಎದುರಿನ ಅಂಚಿಗೆ ತಾಗಿ ಅದು ಕ್ಯೂ ತುದಿಗೇ ಮರಳಬೇಕು. ಪ್ರತಿಸಲ ಒಂದೇ ಕಡೆಗೆ ಸರಿದರೆ ಬಲ್ಲವರಿಗೆ ತೋರಿಸಿ. ಆದರೆ ಟೂರ್ನಮೆಂಟಿನ ಹಿಂದಿನ ವಾರ ಶೈಲಿ ಬದಲಿಸಬೇಡಿ. ಹೊಸ ಅಭ್ಯಾಸ ಕೈಗೆ ಕೂರಲು ಸಮಯ ಬೇಕು.

ಗಂಟೆಗಟ್ಟಲೆ ಮೇಜಿನ ಬಾಡಿಗೆ ಕೊಟ್ಟು ತಪ್ಪನ್ನೇ ಗಟ್ಟಿ ಮಾಡಿಕೊಳ್ಳುವುದಕ್ಕಿಂತ, ಒಂದು ಗಂಟೆ ತಿದ್ದಿಸಿಕೊಳ್ಳುವುದೇ ಲಾಭ.